ಸಿನಿಮಾ ಹೇಳಿದ್ದೊಂದು, ನಾವು ಹೊತ್ತು ತಂದದ್ದೊಂದು

ಸಿನಿಮಾದವರು ಒಂದು ಹೇಳುತ್ತಾರೆ, ನೋಡಿದವರು ಇನ್ನೊಂದನ್ನು ಮನೆಗೆ ತರುತ್ತಾರೆ. ಇದು ಇವತ್ತಿನ ಸಂಗತಿಯಲ್ಲ. 1972ರ ‘ಬಂಗಾರದ ಮನುಷ್ಯ’ದಲ್ಲಿ ಊರಿಗಾಗಿ ದುಡಿದ ರಾಜೀವಪ್ಪ ಕೊನೆಗೆ ತನ್ನವರಿಂದಲೇ ಅವಮಾನಪಟ್ಟು ಊರು ಬಿಟ್ಟು ಹೋಗುತ್ತಾನೆ. ಜನ ಆ ದುಃಖವನ್ನು ಅಲ್ಲೇ ಬಿಟ್ಟು, ಮಣ್ಣನ್ನು ನಂಬುವ ಧೈರ್ಯವನ್ನು ತೆಗೆದುಕೊಂಡರು. 1995ರ ‘ಓಂ’ ರೌಡಿಸಂ ಬೇಡ ಅಂತ ಹೇಳಹೊರಟ ಚಿತ್ರ. ಥಿಯೇಟರಿನಲ್ಲಿ ಶಿಳ್ಳೆ ಬಿದ್ದದ್ದು ಮಾತ್ರ ಲಾಂಗಿಗೆ!

ಈಗ ಇದೇ ವಿಷಯ ನಮ್ಮ ಮನೆಯಂಗಳಕ್ಕೇ ಬಂದಿದೆ. 2022ರ ಸೆಪ್ಟೆಂಬರ್ 30ರಂದು ‘ಕಾಂತಾರ’ ಬಿಡುಗಡೆಯಾಯಿತು, ಮುಂದಿನ ತಿಂಗಳು ಮಲಯಾಳಕ್ಕೂ ಡಬ್ ಆಯಿತು. ಚಂದ್ರಗಿರಿ ಹೊಳೆಯ ಈಚೆ ಕೋಲ ಕಂಡು ಬೆಳೆದವರಿಗೂ, ಆಚೆ ತೆಯ್ಯಂ ಕಂಡು ಬೆಳೆದವರಿಗೂ ಇದು ನಮ್ಮದೇ ಅಂತ ಅನಿಸಿತು. ಕಾಸರಗೋಡಿನವರಾದ ನಮಗೆ ಅದು ಸಂತೋಷದ ಮಾತೇ.

ಆ ಕಥೆಯ ತಿರುಳೇನು? ಅರಸನೊಬ್ಬ ದೈವಕ್ಕೆ ಮಾತು ಕೊಟ್ಟು ಜನರಿಗೆ ಬಿಟ್ಟ ಭೂಮಿಯನ್ನು ಅವನ ವಂಶದ ಧಣಿ ವಾಪಸು ಕಿತ್ತುಕೊಳ್ಳಲು ನೋಡುತ್ತಾನೆ. ತನಗೆ ಬೇಕಾದ ನುಡಿಯನ್ನು ದೈವದ ಬಾಯಿಂದ ಹೇಳಿಸಲು ದೈವನರ್ತಕ ಗುರುವನಿಗೆ ಆಮಿಷ ಒಡ್ಡುತ್ತಾನೆ. ಗುರುವ ಒಪ್ಪುವುದಿಲ್ಲ. ಅದಕ್ಕಾಗಿ ಅವನ ಕೊಲೆಯಾಗುತ್ತದೆ. ಬಡವನ ಭೂಮಿ, ಧಣಿಯ ಮೋಸ, ದುಡ್ಡಿಗೆ ಮಾರದ ನುಡಿ. ಇಷ್ಟು ದೊಡ್ಡ ಮಾತು ಅದರೊಳಗೆ ಉಂಟು.

ಆದರೆ ಪ್ರೇಕ್ಷಕರು ಎತ್ತಿಕೊಂಡದ್ದು ಎಂತ ಮಾರಾಯ್ರೇ? ಕೊನೆಯ ಆ ಕೂಗು! ಥಿಯೇಟರಿನಲ್ಲಿ ಕೂಗು, ರೀಲ್ಸಿನಲ್ಲಿ ಕೂಗು, ಶಾಲೆಯ ಛದ್ಮವೇಷ ಸ್ಪರ್ಧೆಯಲ್ಲೂ ಕೂಗು. 2025ರ ಅಕ್ಟೋಬರ್ 2ರಂದು ‘ಕಾಂತಾರ ಅಧ್ಯಾಯ 1’ ಬಂದಾಗ ಕೆಲವರು ವೇಷ ಹಾಕಿಯೇ ಚಿತ್ರಮಂದಿರಕ್ಕೆ ಹೋದರು. ದೈವವನ್ನು ಅನುಕರಿಸಬೇಡಿ ಎಂದು ನಿರ್ಮಾಪಕರಾದ ಹೊಂಬಾಳೆ ಫಿಲ್ಮ್ಸ್‌ನವರೇ ಹೇಳಿಕೆ ಕೊಡಬೇಕಾಯಿತು. ಅಷ್ಟಾದ ಮೇಲೂ ನವೆಂಬರಿನಲ್ಲಿ ಗೋವಾದ ಚಿತ್ರೋತ್ಸವದ ವೇದಿಕೆಯಲ್ಲಿ ಹಿಂದಿ ನಟ ರಣವೀರ್ ಸಿಂಗ್ ಅದನ್ನೇ ಅನುಕರಿಸಿ, ಟೀಕೆ ಬಂದ ಮೇಲೆ ಕ್ಷಮೆ ಕೇಳಿದರು.

ಇದಕ್ಕೆ ದೈವದ ಸಿನಿಮಾವನ್ನೇ ನಿಲ್ಲಿಸಬೇಕು ಅನ್ನುವವರಿದ್ದಾರೆ. ಕಲೆ ಅಲ್ವಾ, ಬಿಡಿ ಅನ್ನುವವರೂ ಇದ್ದಾರೆ. ನನಗೆ ಎರಡೂ ಸರಿ ಕಾಣುವುದಿಲ್ಲ. ಹೇಳಿಕೆ ಕೊಟ್ಟು, ಬೋರ್ಡು ಹಾಕಿ ಪ್ರೇಕ್ಷಕನ ಮನಸ್ಸನ್ನು ಯಾರೂ ತಿದ್ದಲಾರರು. ಅವನು ತನ್ನ ಬಳಿ ಏನಿದೆಯೋ ಅದರಿಂದಲೇ ಅಳೆಯುತ್ತಾನೆ. ಪಾಡ್ದನ ಕೇಳಿದವನಿಗೆ ಆ ಕೂಗಿನ ಹಿಂದೆ ಒಂದು ಕಥೆ ಇದೆ. ಎಣ್ಣೆಬೂಳ್ಯ ಕೊಡುವುದನ್ನು, ಗಗ್ಗರ ಕಟ್ಟುವುದನ್ನು, ಅಣಿ ಏರಿಸುವುದನ್ನು ಕಂಡವನಿಗೆ ಅದರ ಹಿಂದಿನ ನಿಯಮ ಗೊತ್ತು. ಏನೂ ಕಾಣದವನಿಗೆ ಅದು ಬರೀ ಸದ್ದು. ದೂರದ ಊರಿನವರ ಮಾತು ಹಾಗಿರಲಿ, ನಮ್ಮ ಮಕ್ಕಳಿಗೆ ಪಾಡ್ದನದ ನಾಲ್ಕು ಮಾತು ಗೊತ್ತುಂಟಾ? ಕೋಲಕ್ಕೆ ಹೋದರೂ ಮೊಬೈಲ್ ಹಿಡಿದು ಹತ್ತು ನಿಮಿಷ ನಿಂತು ಬರುವ ನಾವು ಹೊರಗಿನವರನ್ನು ಬೈದು ಪ್ರಯೋಜನವೇನು?

ಇನ್ನೊಂದು ಮಾತು ಹೇಳಿದರೆ ಕೆಲವರಿಗೆ ಬೇಸರವಾದೀತು. ಅನುಕರಣೆಯಿಂದ ದೈವಕ್ಕೆ ಅಪಚಾರ ಅಂತ ಸಿಟ್ಟಾದವರು ಹಲವರು. ದೈವ ಕಟ್ಟುವವರು ನಲಿಕೆ, ಪಂಬದ, ಪರವ ಸಮುದಾಯದವರು. ಕೋಲದ ರಾತ್ರಿ ಅವರೆದುರು ಕೈಮುಗಿದು ನಿಂತವರು ಮರುದಿನ ಪೇಟೆಯಲ್ಲಿ ಕಂಡರೆ ಹೇಗೆ ಮಾತಾಡಿಸುತ್ತಾರೆ? ಬಹುವಚನ ಉಂಟಾ? ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರಾ? ಗುರುವನ ಕಥೆ ಕೇಳಿದ್ದು ಇದನ್ನೇ. ಕೂಗಿದವರು ಆ ಪ್ರಶ್ನೆಯನ್ನು ಮರೆತರು, ಕೂಗಬಾರದು ಅಂದವರಲ್ಲೂ ಅನೇಕರು ಮರೆತರು. ಚಿತ್ರದ ಜನಪ್ರಿಯತೆಯ ನಡುವೆ 2022ರ ಅಕ್ಟೋಬರಿನಲ್ಲಿ ಕರ್ನಾಟಕ ಸರ್ಕಾರ 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಪ್ರಕಟಿಸಿತು. ಸಿನಿಮಾದಿಂದ ಇಂಥದ್ದೂ ಹುಟ್ಟಬಹುದು ಅನ್ನುವುದಕ್ಕೆ ಇದು ಸಾಕ್ಷಿ. ಆದರೆ ದುಡ್ಡು ಸರ್ಕಾರ ಕೊಟ್ಟೀತು, ಮರ್ಯಾದೆ ಕೊಡಬೇಕಾದವರು ನಾವು.

ಹಾಗಾಗಿ ಗಡಿನಾಡಿನ ಮನೆಯವರಲ್ಲಿ ಎರಡು ವಿನಂತಿ. ಶಾಲೆಯ ಛದ್ಮವೇಷಕ್ಕೆ ಮಗುವಿಗೆ ದೈವದ ಬಣ್ಣ ಹಚ್ಚುವ ಮೊದಲು, ಆ ದೈವ ಕಟ್ಟುವ ಹಿರಿಯರೊಬ್ಬರನ್ನು ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ಪತ್ತನಾಜೆ ಬಂದು ಕೋಲ ನಿಲ್ಲುವುದರೊಳಗೆ ಒಂದು ರಾತ್ರಿಯಾದರೂ ಮಕ್ಕಳನ್ನು ಪೂರ್ತಿ ಕೂರಿಸಿ, ಅರ್ಥ ಹೇಳಿ. ಅಂಥ ಮಗು ನಾಳೆ ಯಾವ ಸಿನಿಮಾ ನೋಡಿದರೂ ಕೂಗನ್ನು ಅಲ್ಲೇ ಬಿಟ್ಟು ನುಡಿಯನ್ನು ಮನೆಗೆ ತಂದೀತು.