ನಾಟಕ ಮುಗೀತು, ಹಾಡಿದಾಕೆ ಎಲ್ಲಿಗೆ ಹೋಗಬೇಕು?

ಜಗಳೂರು: ಸುಗ್ಗಿ ಮುಗಿದು ಜಾತ್ರೆ ಶುರುವಾದರೆ ತಾಲ್ಲೂಕಿನ ಹಳ್ಳಿಗಳಲ್ಲಿ ನಾಟಕದ ಸಡಗರ. ದುರ್ಯೋಧನ, ಭೀಮ ಎಲ್ಲರೂ ಊರವರೇ. ದ್ರೌಪದಿ ಮಾತ್ರ ಹೊರಗಿನಿಂದ ಬಸ್ಸು ಹತ್ತಿ ಬರಬೇಕು!

ಊರ ಗಂಡಸರು ಕೈಯಿಂದ ದುಡ್ಡು ಹಾಕಿ ಬಣ್ಣ ಹಚ್ಚುತ್ತಾರೆ. ಅವರಿಗದು ಷೋಕಿ. ಆಕೆಗೆ ಅದೇ ಅನ್ನ. ಪೇಟಿ ಮಾಸ್ತರು ಸ್ವರ ಹಿಡಿದರೆ ಬೆಳಗಿನ ಜಾವದವರೆಗೂ ಹಾಡಬೇಕು. ಗಂಟಲು ಕಟ್ಟಿದರೆ ಮಾರನೇ ದಿನದ ಕೂಲಿಯೇ ಹೋಯಿತು.

ಇಷ್ಟಾದರೂ ಸಿಗುವ ಮರ್ಯಾದೆ ಎಂಥದ್ದು? ಸೀರೆ ಬದಲಿಸಲು ಚಿಲಕವಿಲ್ಲದ ಕೋಣೆ. ಹಾಡಿಗಿಂತ ಜೋರಾದ ಶಿಳ್ಳೆ. ಕುಡಿದು ರಂಗ ಹತ್ತಿ ನೋಟು ಚುಚ್ಚಲು ಬರುವ ಮಹನೀಯರು! ಬೆಳಗಾದ ಮೇಲೆ "ಮುಯ್ಯಿ ಬಂತಲ್ಲಮ್ಮ, ಸಾಕು ಬಿಡು" ಎಂದು ಒಪ್ಪಿದ ಹಣದಲ್ಲೇ ಕತ್ತರಿ ಹಾಕುವ ಸಂಘಟಕರೂ ಉಂಟು. ಮುಯ್ಯಿ ಮೆಚ್ಚುಗೆ, ಸಂಬಳವಲ್ಲ ಸ್ವಾಮಿ!

ಈ ಚಾಳಿ ಹೊಸದಲ್ಲ. ಸವಾಯಿ ಗಂಧರ್ವರಲ್ಲಿ ಪಾಠಕ್ಕೆಂದು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದ ಗಂಗೂಬಾಯಿ ಹಾನಗಲ್ಲರೂ "ಗಾನೇವಾಲಿ" ಎಂಬ ಚುಚ್ಚುಮಾತು ಕೇಳಿದವರೇ. ಅವರಿಗೆ 2002ರಲ್ಲಿ ಪದ್ಮವಿಭೂಷಣ ಬಂತು. ದಾವಣಗೆರೆಯ ಕೆ.ಬಿ.ಆರ್. ಡ್ರಾಮಾ ಕಂಪನಿಯ ಚಿಂದೋಡಿ ಲೀಲಾ ಅವರಿಗೆ 1988ರಲ್ಲೇ ಪದ್ಮಶ್ರೀ ಬಂದಿತ್ತು. ದೊಡ್ಡವರಾದ ಮೇಲೆ ಹಾರ ಹಾಕುವ ಜನ, ಹಾಡುತ್ತಾ ಹೊಟ್ಟೆ ಹೊರೆಯುವಾಗ ಕೂರಲು ಒಂದು ಕುರ್ಚಿಯನ್ನಾದರೂ ಕೊಡಬೇಡವೇ?

ಇನ್ನೊಂದು ಮಾತು. ವಯಸ್ಸಾದ ಕಲಾವಿದರಿಗೆ ಸರ್ಕಾರದ ಮಾಸಾಶನವಿದೆ. ಅರ್ಜಿ ಹಾಕಲು ಇಷ್ಟು ವರ್ಷ ಕಲಾಸೇವೆ ಮಾಡಿದ್ದಕ್ಕೆ ದಾಖಲೆ ಬೇಕು. ಕರಪತ್ರದಲ್ಲಿ ಊರ ಮುಖಂಡರ ಹೆಸರು ಸಾಲುಗಟ್ಟಿರುತ್ತವೆ. ಹಾಡುವಾಕೆಯ ಹೆಸರು ಮೂಲೆಯಲ್ಲಿ ಅರ್ಧಂಬರ್ಧ ಬಿದ್ದಿದ್ದರೆ ಮುಪ್ಪಿನಲ್ಲಿ ಆಕೆ ಏನು ತೋರಿಸಬೇಕು?

2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಸಂತೋಷ. ಆದರೆ ಬೆಳಗಿನ ನಾಲ್ಕು ಗಂಟೆಗೆ ಪರದೆ ಬಿದ್ದಾಗ ಹಳ್ಳಿ ಕ್ರಾಸಿನಲ್ಲಿ ಬಸ್ಸು ಎಲ್ಲಿಂದ ಬರಬೇಕು? ಬಣ್ಣ ಆರದ ಮುಖ ಹೊತ್ತು, ಬ್ಯಾಗು ಹಿಡಿದು ಕತ್ತಲಲ್ಲಿ ಒಬ್ಬಳೇ ನಿಲ್ಲಬೇಕೇ?

ಇದಕ್ಕೆ ಕಾನೂನು, ಕಮಿಟಿ ಯಾವುದೂ ಬೇಡ. ನಾಟಕದ ಪಟ್ಟಿ ಹಿಡಿದು ಚಂದಾಕ್ಕೆ ಬರುವವರು ಮೊದಲು ಹತ್ತುವುದು ಪೇಟೆಯ ಅಂಗಡಿ ಮೆಟ್ಟಿಲು. ಗಲ್ಲೆಯ ಮೇಲೆ ಕೂತ ಯಜಮಾನರು ಹಣ ಎಣಿಸುವ ಮುಂಚೆ ನಾಲ್ಕು ಮಾತು ಕೇಳಲಿ: "ಹಾಡೋ ಹೆಣ್ಣುಮಗಳಿಗೆ ಮುಂಗಡ ಕೊಟ್ಟೀರೇನ್ರೀ? ಚಿಲಕ ಇರೋ ಕೋಣೆ ನೋಡೀರಾ? ಬೆಳಕು ಹರಿಯೋತನಕ ಯಾರ ಮನೇಲಿ ಇರಿಸ್ತೀರಿ? ಕರಪತ್ರದಾಗೆ ಆಕೆ ಪೂರ್ತಿ ಹೆಸರು ಹಾಕ್ಸೀರಾ?"

ಉತ್ತರ ಬಂದರೆ ಚಂದಾ ಕೊಡಲಿ. ಬಾರದಿದ್ದರೆ ಗಲ್ಲೆ ಮುಚ್ಚಲಿ. ದ್ರೌಪದಿಯ ಮಾನ ಕಾಯುವ ಕೃಷ್ಣ ರಂಗದ ಮೇಲಷ್ಟೇ ಇದ್ದರೆ ಸಾಲದು. ನಾಟಕ ಸಂಘದವರು ಇತ್ತ ಗಮನ ಹರಿಸುವರೇ?