ಊರ ಹೆಸರಿಗೇಕೆ ಕಳಂಕ?

‘ಬ್ಯಾಂಗಲೋರ್ಡ್’ ಎಂಬ ಇಂಗ್ಲಿಷ್ ಪದವನ್ನು ನಮ್ಮವರೇ ಹೆಮ್ಮೆಯಿಂದ ಹೇಳುವುದುಂಟು. ಹೆಮ್ಮೆಪಡಲು ಅದರಲ್ಲೇನಿದೆ? ಕೆಲಸ ಬೆಂಗಳೂರಿನಂಥ ಊರಿಗೆ ಹೋದದ್ದರಿಂದ ನೌಕರಿ ಕಳೆದುಕೊಂಡವನು ಎಂದರ್ಥ. 2004ರ ಸುಮಾರಿಗೆ ಅಮೆರಿಕದಲ್ಲಿ ಬಳಕೆಗೆ ಬಂತು.

19ನೇ ಶತಮಾನದಲ್ಲಿ ಅಲ್ಲಿನ ಸ್ಯಾನ್‌ಫ್ರಾನ್ಸಿಸ್ಕೋ ಬಂದರಿನ ದಲ್ಲಾಳಿಗಳು ಗಂಡಸರನ್ನು ಬಲವಂತವಾಗಿ ಹಡಗಿನ ದುಡಿಮೆಗೆ ಸಾಗಿಸುತ್ತಿದ್ದರು. ಅದಕ್ಕಿಟ್ಟ ಹೆಸರು ‘ಶಾಂಘೈಡ್’! ಪಾಪ ಅಮೆರಿಕದವರದು, ಅಪಕೀರ್ತಿ ಚೀನಾದ ಶಾಂಘೈಗೆ.

ಇದೂ ಹಾಗೆಯೇ. ವ್ಯಾಕರಣ ಕಲಿಸುವ ನನಗೆ ಇದು ಕರ್ತೃವನ್ನು ಬಚ್ಚಿಟ್ಟ ಕರ್ಮಣಿ ಪ್ರಯೋಗ. ನೌಕರಿ ಕಿತ್ತುಕೊಂಡವನು ಲಾಭ ಎಣಿಸುವ ಮಾಲೀಕ. ವಿಜಯನಗರದಲ್ಲಿ ರಾತ್ರಿಪಾಳಿಗೆ ವ್ಯಾನು ಹತ್ತುವ ನಮ್ಮ ಹುಡುಗಿಯಲ್ಲ. ನಾಳೆ ಅವನು ಅವಳನ್ನೂ ಮನೆಗೆ ಕಳಿಸಿದರೆ ಯಾವ ಊರನ್ನು ದೂರೋಣ? ತಾಯಂದಿರೇ, ಊರ ಹೆಸರು ಬೈಗುಳವಲ್ಲ, ಮಕ್ಕಳಿಗೂ ಹೇಳಿ.