‘ಯಾವಾಗಲೂ’ ಎನ್ನುವವಳನ್ನು ಕೇಳುವುದು ಹೇಗೆ?

ಸಹೋದರಿಯರೇ, ಬೇಗೂರಿನ ನಮ್ಮ ಬೀದಿಯ ಒಬ್ಬಾಕೆ ಕಳೆದ ತಿಂಗಳು ಮಗ್ರಿಬ್ ನಂತರ ಮನೆಗೆ ಬಂದಳು. ವರ್ಷಗಳಿಂದ ಗಂಡನ ಹೊಡೆತ ತಿಂದವಳು. ದೂರು ಕೊಡಲು ಹೋದರೆ, ‘ಎಷ್ಟು ಸಲ ಹೊಡೆದ? ಯಾವ ತಾರೀಖು?’ ಎಂದು ಕೇಳಿದರಂತೆ. ‘ಯಾವಾಗಲೂ ಹೊಡೀತಾನೆ’ ಎಂದಳಂತೆ. ಕೇಳಿದವರು ನಂಬಲಿಲ್ಲ.

“ಆಪಾ, ನನ್ನ ತಲೆ ಸರಿಯಿದೆಯಾ ಅಂತ ನನಗೇ ಅನುಮಾನ ಆಗ್ತಿದೆ.”

ತಲೆ ಸರಿಯಾಗಿಯೇ ಇದೆ. ನೀವೇ ಹೇಳಿ, ಕಳೆದ ವರ್ಷ ಎಷ್ಟು ಸಲ ಬಿರಿಯಾನಿ ಮಾಡಿದಿರಿ? ಮಾಡುವ ಕ್ರಮ ಥಟ್ಟನೆ ಹೇಳುವಿರಿ. ಯಾವ ಸಲ ಯಾರು ಬಂದಿದ್ದರೆಂದರೆ ತಡವರಿಸುವಿರಿ. ಮತ್ತೆ ಮತ್ತೆ ನಡೆದದ್ದು ಮನಸ್ಸಿನಲ್ಲಿ ಬೆರೆತು ‘ಹೀಗೇ ಆಗುತ್ತಿತ್ತು’ ಎಂಬ ಒಂದೇ ಚಿತ್ರವಾಗುತ್ತದೆ. ಒಂದು ದಿನದ ಮಾತು ಇನ್ನೊಂದು ದಿನಕ್ಕೆ ಅಂಟಿಕೊಳ್ಳುತ್ತದೆ. ಅದು ಸುಳ್ಳಲ್ಲ. ನಮ್ಮೂರಿನ ನಾಗೇಶ್ವರ ದೇವಾಲಯದಲ್ಲಿ ಸುಮಾರು ಕ್ರಿ.ಶ. 890ರ ಶಾಸನವಿದೆ, ಅದರಲ್ಲಿ ‘ಬೆಂಗಳೂರು ಕಾಳಗ’ದ ಹೆಸರಿದೆ. ಒಂದು ಕಾಳಗಕ್ಕೆ ಒಂದು ಕಲ್ಲು ಸಿಕ್ಕಿತು. ದಿನನಿತ್ಯದ ಕಾಳಗಕ್ಕೆ ಕಲ್ಲು ನೆಡುವವರಾರು?

ಅಮೆರಿಕದ ಮನೋವಿಜ್ಞಾನಿಗಳಾದ ಎಡ್ವರ್ಡ್ ಗೈಸೆಲ್‌ಮನ್ ಮತ್ತು ರೊನಾಲ್ಡ್ ಫಿಶರ್ 1980ರ ದಶಕದಲ್ಲಿ ಸಾಕ್ಷಿಗಳನ್ನು ವಿಚಾರಿಸುವ ಒಂದು ಕ್ರಮ ರೂಪಿಸಿದರು. ಮಧ್ಯೆ ಬಾಯಿ ಹಾಕಬಾರದು, ಆ ಹೊತ್ತಿನ ಜಾಗ, ಸದ್ದು, ವಾಸನೆಗಳತ್ತ ಮನಸ್ಸು ಮರಳಲು ಬಿಡಬೇಕು, ಊಹಿಸಿ ಹೇಳೆಂದು ಒತ್ತಾಯಿಸಬಾರದು. ಪದೇ ಪದೇ ನಡೆದದ್ದನ್ನು ಬಿಡಿಸಲು ಕಾಲದ ಗೆರೆ ಎಳೆಯುವುದೂ ನೆರವಾಗುತ್ತದೆಂದು ನಂತರದ ಅಧ್ಯಯನಗಳು ಹೇಳುತ್ತವೆ.

ನಾನೂ ಹಾಗೆಯೇ ಮಾಡಿದೆ. ಮೊದಲು ‘ಸಾಮಾನ್ಯವಾಗಿ ಏನಾಗುತ್ತಿತ್ತು?’ ಎಂದು ಕೇಳಿ ಸುಮ್ಮನೆ ಕುಳಿತೆ. ಚಹಾ ಆರಿಹೋಯಿತು. ಆಮೇಲೆ, ‘ಬೇರೆ ದಿನಗಳ ಹಾಗಿಲ್ಲದ ದಿನ ಯಾವುದಾದರೂ ಇದೆಯಾ?’ ಎಂದೆ. ತುಂಬಾ ಹೊತ್ತಿನ ಮೇಲೆ, “ಕುಕ್ಕರ್ ಎಸೆದ ದಿನ” ಎಂದಳು. ಹೆಸರು ಆಕೆಯದೇ, ಅದನ್ನೇ ಬರೆದುಕೊಂಡೆವು. ಮೊದಲ ಸಲದ್ದು, ಕೊನೆಯ ಸಲದ್ದು ಆಮೇಲೆ ಬಂದವು. ‘ಹಬ್ಬದ ದಿನ ಹೊಡೆದನಾ?’ ಎಂದು ನಾನು ಕೇಳಲಿಲ್ಲ. ಅಂಥ ಪ್ರಶ್ನೆ ಉತ್ತರವನ್ನು ತಾನೇ ಬಾಯಿಗಿಡುತ್ತದೆ. ನಮ್ಮ ರಾಜಿ ಪಂಚಾಯಿತಿಗಳಲ್ಲಿ ಹಿರಿಯರು ಕೇಳುವುದೆಲ್ಲ ಬಹುಮಟ್ಟಿಗೆ ಹೀಗೆಯೇ!

ಹಾಳೆಯ ಮೇಲೆ ಗೆರೆ ಎಳೆದು, ಮಗಳನ್ನು ಶಾಲೆಗೆ ಸೇರಿಸಿದ್ದು, ಬಾಡಿಗೆ ಮನೆ ಬದಲಿಸಿದ್ದು, ಒಂದೊಂದು ರಂಜಾನ್, ಎಲ್ಲ ಗುರುತಿಸಿದೆವು. ಕುಕ್ಕರ್ ಎಸೆದದ್ದು ಸಹ್ರಿಯ ಹೊತ್ತಿನಲ್ಲಿ, ರಂಜಾನಿನ ಮೊದಲ ವಾರ, ಮಗಳು ಎಲ್‌ಕೆಜಿಯಲ್ಲಿದ್ದಾಗ. ಹಾಗಾದರೆ 2023. ಆ ವರ್ಷ ನಮ್ಮಲ್ಲಿ ಮೊದಲ ಉಪವಾಸ ಮಾರ್ಚ್ 24ಕ್ಕೆ. ಮುಂದಿನ ವರ್ಷ ಅದು ಮಾರ್ಚ್ 12ಕ್ಕೇ ಬಂತು. ಹಾಗಾಗಿ ಹಳೆಯ ಕ್ಯಾಲೆಂಡರ್ ಎಸೆಯಬೇಡಿ. ನಾಲ್ಕು ಘಟನೆಗಳಿಗೆ ಜಾಗ ಸಿಕ್ಕಿತು. ಉಳಿದುದಕ್ಕೆ ‘ಹಲವು ಸಲ, ದಿನ ನೆನಪಿಲ್ಲ’ ಎಂದೇ ಬರೆಸಿದೆ.

ಇದನ್ನೆಲ್ಲ ತವರಿನವರು ಒಟ್ಟು ಕೂತು ಮಾತಾಡುವ ಮೊದಲೇ ಬರೆದಿಡುವುದು ಒಳ್ಳೆಯದು. ಅವರು ಕಂಡದ್ದೂ ಇವಳು ಕಂಡದ್ದೂ ಕಲಸಿಹೋಗುತ್ತದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿ ತುಂಬುವ ಘಟನಾ ವರದಿಯಲ್ಲಿ ಹಿಂಸೆಯ ದಿನಾಂಕ, ಸ್ಥಳ, ಸಮಯಕ್ಕೆ ಅಂಕಣವಿದೆ. ದಾರಿ ತಿಳಿಯದಿದ್ದರೆ 181ಕ್ಕೆ ಫೋನ್ ಮಾಡಬಹುದು.

ಮರುವಾರ ಆಕೆ ಆ ಹಾಳೆ ಮಡಚಿ ಬುರ್ಖಾದೊಳಗೆ ಇಟ್ಟುಕೊಂಡು ಹೊರಟಳು. ಜೊತೆಗೆ ನಾನೂ ಹೋದೆ. ಈ ಸಲ ತಾರೀಖು ಕೇಳಿದಾಗ ಆಕೆ ತಲೆ ತಗ್ಗಿಸಲಿಲ್ಲ, ಹಾಳೆ ಬಿಚ್ಚಿ “ಕುಕ್ಕರ್ ಎಸೆದ ದಿನದಿಂದ ಶುರು ಮಾಡ್ತೀನಿ” ಎಂದಳು.